ಪಕ್ಕದ ಮನೆಯ ಬಿಸಿ

ನಮ್ಮೂರಿನ ಚಳಿಗೆ ಇಡ್ಲಿ ಹಿಟ್ಟು ಹುಳಿಯುವುದಿಲ್ಲ. ಕಂಬಳಿ ಸುತ್ತಿಡಿ, ಒಲೆಯ ಪಕ್ಕ ಇಡಿ, ಬೆಳಗ್ಗೆ ಮುಚ್ಚಳ ತೆಗೆದರೆ ಹಿಂದಿನ ದಿನ ರುಬ್ಬಿಟ್ಟ ಹಾಗೆಯೇ ತಣ್ಣಗೆ ಮಲಗಿರುತ್ತದೆ. ಆ ಮೂರು ತಿಂಗಳು ಬೀದಿಯಲ್ಲಿ ಎಲ್ಲರ ಮನೆಯಲ್ಲೂ ಉಪ್ಪಿಟ್ಟು, ರೊಟ್ಟಿ, ಮತ್ತೆ ಉಪ್ಪಿಟ್ಟು. ಅಂಥದ್ದರಲ್ಲಿ ಹೋದ ಚಳಿಗಾಲ ಪಕ್ಕದ ಮನೆಯ ದಾಕ್ಷಾಯಿಣಿ ತಟ್ಟೆಯ ಮೇಲೆ ಬಾಳೆಲೆ ಮುಚ್ಚಿಕೊಂಡು ಬಂದು, "ಪೂರ್ಣಕ್ಕ, ಬಿಸಿಬಿಸಿ ಇದೆ, ತಿನ್ನಿ" ಎಂದು ಆರು ಇಡ್ಲಿ ಕೊಟ್ಟು ಹೋದಳು. ಬೆರಳಲ್ಲಿ ಒತ್ತಿದರೆ ಮತ್ತೆ ಮೇಲೆದ್ದು ಬರುವ ಇಡ್ಲಿ. ನಮ್ಮತ್ತೆ ನಾಲ್ಕು ತಿಂದು, "ಕೈಗುಣ ಅಂದ್ರೆ ಇದು" ಎಂದು ನನ್ನ ಮುಖ ನೋಡಿಕೊಂಡೇ ಹೇಳಿದರು. ನಾನು ಉಳಿದೆರಡನ್ನು ಮುಟ್ಟಲಿಲ್ಲ. ಹೊಟ್ಟೆ ಆಗಲೇ ತುಂಬಿತ್ತು, ಉರಿಯಿಂದ.

ದಾಕ್ಷಾಯಿಣಿಯ ಬಗ್ಗೆ ನನಗೆ ಮೊದಲಿಂದಲೂ ಅಷ್ಟಕ್ಕಷ್ಟೇ ಎಂದು ಈಗಲೇ ಹೇಳಿಬಿಡುತ್ತೇನೆ. ಗಂಡ ಬೇಗ ತೀರಿಕೊಂಡ, ಪಾಪ, ಅದು ಬೇರೆ ಮಾತು. ಮನೆಯಲ್ಲೇ ರವಿಕೆ ಹೊಲಿದು ಬದುಕು ಸಾಗಿಸುತ್ತಾಳೆ, ಅದೂ ಸರಿ. ಆದರೆ ಆ ತೆಳ್ಳನೆಯ ಮೈ, ನಕ್ಕರೆ ಕೆನ್ನೆಯಲ್ಲಿ ಬೀಳುವ ಗುಳಿ, ಮಿಷನ್ ತುಳಿಯುವಾಗಲೆಲ್ಲ ಗುನುಗುವ ಹಾಡು. ನಮ್ಮ ಅಡುಗೆಮನೆಗೂ ಅವಳ ಅಡುಗೆಮನೆಗೂ ನಡುವೆ ಒಂದೇ ಗೋಡೆ. ಒಮ್ಮೆ ಅವಳು ಕೊಟ್ಟ ಚಟ್ನಿ ನೆಕ್ಕುತ್ತಾ ನಮ್ಮವರು "ಚೆನ್ನಾಗಿದೆ" ಎಂದಿದ್ದರು. ಮದುವೆಯಾದಾಗಿನಿಂದ ನಾನು ಏನು ಮಾಡಿಟ್ಟರೂ, ಏನು ಕೇಳಿದರೂ, ಏನು ಬೈದರೂ ಅವರ ಬಾಯಿಂದ ಬರುತ್ತಿದ್ದದ್ದು "ಹೂಂ" ಒಂದೇ. ಅವಳ ಚಟ್ನಿಗೆ ಮಾತ್ರ ಪೂರಾ ಒಂದು ಮಾತು. ಅದನ್ನು ನಾನು ಮರೆತಿಲ್ಲ, ಮರೆಯುವುದೂ ಇಲ್ಲ.

ನಮ್ಮವರು ಈಗ ಅಟ್ಟದಲ್ಲಿದ್ದಾರೆ. ಬೇರೆ ಊರಿನವರು ಹಡಗಿಗೆ, ಗಣಿಗೆ ಹೋದಂತೆ ನಮ್ಮೂರಿನವರು ಅಟ್ಟಕ್ಕೆ ಹೋಗುತ್ತಾರೆ. ಆಕಾಶದಲ್ಲಿ ಭೂಮಿಯನ್ನು ಸುತ್ತುತ್ತಲೇ ಇರುವ ಆ ಉದ್ದನೆಯ ನಿಲ್ದಾಣಕ್ಕೆ ಪೇಪರಿನವರು ಏನೇನೋ ಹೆಸರು ಬರೆಯುತ್ತಾರೆ, ನಮಗೆ ಅದು ಅಟ್ಟ. ಅಲ್ಲಿ ನಮ್ಮವರದು ಗಾಳಿಯ ಕೊಳವೆಗಳನ್ನು ಬಿಚ್ಚಿ ತೊಳೆದು ಕೂರಿಸುವ ಕೆಲಸ. ಎರಡು ವರ್ಷಕ್ಕೆ ಹೋದವರು ಎರಡು ವರ್ಷ ಆದ ಮೇಲೆಯೇ ಇಳಿಯುವುದು. ಅಷ್ಟು ದಿನ ಮಣ್ಣು ಕಾಣದೆ, ಮನೆಯ ಸದ್ದು ಕೇಳದೆ ಇರುವವರಿಗೆ ಊರಿನ ಹಂಬಲ ಹಿಡಿಯುತ್ತದೆ. ಊಟ ಸೇರುವುದಿಲ್ಲ, ಕೆಲಸದಲ್ಲಿ ಕೈ ತಪ್ಪುತ್ತದೆ. ಹಿಂದೆ ಮೇಲಿನ ಬೀದಿಯವರೊಬ್ಬರು ಕಿಟಕಿಯ ಗಾಜಿಗೆ ಹಣೆ ಒತ್ತಿಕೊಂಡು ನಿಂತವರು ಯಾರು ಕರೆದರೂ ತಿರುಗಲೇ ಇಲ್ಲವಂತೆ.

ಅದಕ್ಕೇ ಅಟ್ಟಕ್ಕೆ ಜನರನ್ನು ಕಳಿಸುವ ಆಫೀಸಿನವರು ಮನೆಗಳ ಅಚ್ಚು ತೆಗೆಯುತ್ತಾರೆ. ಕೋಣೆಯ ಮೂಲೆಗಳಲ್ಲಿ ಗಾಜಿನ ಗುಂಡುಗಳನ್ನಿಟ್ಟು, ಬೆಳಗಿನಿಂದ ಮಧ್ಯಾಹ್ನದವರೆಗೆ ಆ ಮನೆಯಲ್ಲಿ ಏನೇನು ಕಂಡಿತೋ, ಕೇಳಿತೋ, ಯಾವ ಒಗ್ಗರಣೆ ಘಮ್ಮೆಂದಿತೋ ಎಲ್ಲವನ್ನೂ ಹಿಡಿದುಕೊಂಡು ಹೋಗುತ್ತಾರೆ. ಅಟ್ಟದಲ್ಲಿರುವವರು ಬಿಡುವಾದಾಗ ಕಣ್ಣು, ಕಿವಿ, ಮೂಗು ಮುಚ್ಚುವ ಒಂದು ಟೊಪ್ಪಿಗೆ ಹಾಕಿಕೊಂಡರೆ ಆಯಿತು, ಅವರು ಆ ಮನೆಯೊಳಗೆ ಬಂದು ಕೂತ ಹಾಗೆ. ಒಂದು ಮನೆಗೆ ಒಂದೇ ಅಚ್ಚು. ಮತ್ತೆ ಅವರು ಅಲ್ಲಿ ಬಂದು ಕೂತಾಗ ಇಲ್ಲಿ ನಿಜವಾದ ಮನೆಯಲ್ಲಿ ಅವರು ಕೂತ ಜಾಗ ಬೆಚ್ಚಗಾಗುತ್ತದೆ.

ನಮಗೆ ಅದು ರೂಢಿ. ಹೆಂಗಸರು ಎದುರಾದರೆ "ಊಟ ಆಯ್ತಾ" ಎಂದು ಕೇಳುವ ಬದಲು "ಬೆಚ್ಚಗಾಯ್ತಾ" ಎಂದು ಕೇಳುತ್ತೇವೆ. ಅಂಥ ಜಾಗದ ಮೇಲೆ ನೆಂಟರು ಕೂರಬಾರದು, ಬೆಕ್ಕು ಮಲಗಿದರೆ ಓಡಿಸಬಾರದು. ಮೂಲೆಮನೆಯ ಕೊಟ್ರಮ್ಮನವರು ಮಗ ಬಂದು ಕೂರುವ ಹೊತ್ತಿಗೆ ಸರಿಯಾಗಿ ಅವನ ಪಕ್ಕ ಮಂಡಿ ಚಾಚಿ ಶಾಖ ಕೊಟ್ಟುಕೊಳ್ಳುತ್ತಾರೆ. ಮಗ ಇಲ್ಲಿದ್ದಾಗ ಒಂದು ದಿನವೂ ಕಾಲೊತ್ತಿದವನಲ್ಲ, ಈಗ ಒತ್ತುತ್ತಾನೆ ಎಂದು ನಗುತ್ತಾರೆ.

ನಮ್ಮ ಮನೆಯಲ್ಲಿ ನಡುಮನೆಯ ಬೆತ್ತದ ಕುರ್ಚಿ ಅವರದು. ಅವರು ಅಟ್ಟ ಹತ್ತಿದ ಹೊಸದರಲ್ಲಿ ಅದು ಬೆಚ್ಚಗಾಗುತ್ತಿತ್ತು. ಹೋಗಿ ಬಂದು ಕೈಯಿಟ್ಟು ನೋಡುತ್ತಿದ್ದೆ. ಆಮೇಲೆ ವಾರಕ್ಕೊಮ್ಮೆ ಆಯಿತು. ಆಮೇಲೆ ಯಾವಾಗಲೋ ಒಮ್ಮೆ. ಚಳಿ ಶುರುವಾಗುವ ಹೊತ್ತಿಗೆ ಕುರ್ಚಿ ಬಾವಿಕಟ್ಟೆಯಷ್ಟು ತಣ್ಣಗಾಗಿತ್ತು. ಬೀದಿಯ ಹೆಂಗಸರು ಬರುವುದು ಕಂಡರೆ ನಾನು ಬಿಸಿನೀರು ತುಂಬಿದ ರಬ್ಬರ್ ಚೀಲವನ್ನು ಕುರ್ಚಿಯ ಮೇಲಿಟ್ಟು, ಅವರು ಹೊಸಿಲು ದಾಟುವಷ್ಟರಲ್ಲಿ ತೆಗೆದು ಸೆರಗಿನಡಿ ಬಚ್ಚಿಡುತ್ತಿದ್ದೆ. "ಏನಮ್ಮ, ನಿನ್ನ ಗಂಡ ಎದ್ದು ಹೋಗೋದೇ ಇಲ್ವಲ್ಲ" ಎಂದು ಅವರು ಛೇಡಿಸಿದರೆ ನಾಚಿಕೊಂಡ ಹಾಗೆ ಮಾಡುತ್ತಿದ್ದೆ. ಒಮ್ಮೆ ಚೀಲದ ಮುಚ್ಚಳ ಸಡಿಲವಾಗಿ ಹೊಟ್ಟೆಯೆಲ್ಲ ಸುಟ್ಟುಕೊಂಡೆ. ಆ ನೋವಿಗಲ್ಲ, ಬೇರೆ ಯಾವುದಕ್ಕೋ ಬಚ್ಚಲಲ್ಲಿ ನಿಂತು ಅತ್ತುಬಿಟ್ಟೆ.

ಅಷ್ಟು ಚೆನ್ನಾಗಿ ಮಾಡಿಸಿದ್ದೆ ನಮ್ಮ ಮನೆಯ ಅಚ್ಚನ್ನು! ಅವರು ತರಬೇತಿಗೆ ಹೋಗಿದ್ದಾಗ ಅಚ್ಚಿನವರು ಬಂದದ್ದು. ನಮ್ಮ ಬೀದಿಯಲ್ಲಿ ಅಚ್ಚು ಎಂದರೆ ಮದುವೆಮನೆಯ ಸಡಗರ. ಗೋಡೆಗೆ ಸುಣ್ಣ ಹೊಡೆಸಿದೆ, ಹೊಸ ಪರದೆ ಹಾಕಿದೆ, ಮಸಿ ಹಿಡಿದ ಪಾತ್ರೆಗಳನ್ನೆಲ್ಲ ಅಟ್ಟಣಿಗೆಗೆ ಸೇರಿಸಿ ಹೊಳೆಯುವವನ್ನು ಮಾತ್ರ ಜೋಡಿಸಿದೆ. ಅತ್ತೆಗೆ ಹಳೆಯ ಕೆಮ್ಮು, ಅಚ್ಚಿನಲ್ಲಿ ಕೆಮ್ಮು ಬಿದ್ದರೆ ಚೆನ್ನಾಗಿರುತ್ತದೆಯೇ, ಅವರನ್ನು ನಾದಿನಿಯ ಮನೆಗೆ ಕಳಿಸಿದೆ. ರೇಷ್ಮೆ ಸೀರೆ ಉಟ್ಟು, ಕಾಯೊಬ್ಬಟ್ಟು ಮಾಡಿಟ್ಟು, ಬೆತ್ತದ ಕುರ್ಚಿಯ ಎದುರಿಗೆ ಮುಗುಳ್ನಗುತ್ತಾ ಕೂತೆ. ಅಚ್ಚಿನ ಕೋಣೆಯ ಇಮಾಮ್ ಸಾಹೇಬರು, "ದಿನಾ ಹೇಗಿರ್ತೀರೋ ಹಾಗೇ ಇರಿ ತಾಯಿ" ಎಂದರು. ದಿನಾ ಇರುವ ಹಾಗಿರುವುದಕ್ಕೆ ಅಚ್ಚು ಯಾಕೆ ಬೇಕು ಎಂದುಕೊಂಡು ನೆರಿಗೆ ಸರಿಮಾಡಿಕೊಂಡೆ.

ದಾಕ್ಷಾಯಿಣಿಯ ಮನೆಯ ಅಚ್ಚು ಅದಕ್ಕೂ ಮೊದಲೇ ಆಗಿತ್ತು, ಅವಳ ತಮ್ಮ ಲಿಂಗರಾಜ ಅಟ್ಟಕ್ಕೆ ಹೋದಾಗ. ಅವಳಿಗೋ ದಿನವೇ ಮರೆತುಹೋಗಿತ್ತು. ಸಾಹೇಬರು ಗುಂಡು ತಂದಾಗ ಅವಳು ಸೀರೆ ಎತ್ತಿ ಕಟ್ಟಿ ಬಟ್ಟೆ ಒಗೆಯುತ್ತಿದ್ದಳಂತೆ. "ಅಡುಗೆಮನೆ ಅಲ್ಲಿದೆ, ಏನು ಬೇಕೋ ಹಿಡ್ಕೊಳ್ಳಿ" ಎಂದು ಹೇಳಿ ಮತ್ತೆ ಬಟ್ಟೆಗೆ ಹೋದಳಂತೆ. ಅದನ್ನು ಕೇಳಿ ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ನಮ್ಮವರು ಮೇಲೆ ಹೋಗಿ ಸ್ವಲ್ಪ ದಿನಕ್ಕೆ ಲಿಂಗರಾಜ ಇಳಿದು ಬಂದ, ಮದುವೆಯಾಗಿ ಹೆಂಡತಿಯ ಊರಿಗೆ ಹೋಗಿ ನೆಲೆಸಿದ. ಅಂದಮೇಲೆ ದಾಕ್ಷಾಯಿಣಿಯ ಮನೆಯಲ್ಲಿ ಬೆಚ್ಚಗಾಗುವ ಜಾಗ ಯಾವುದೂ ಇರಬಾರದು.

ಇಡ್ಲಿಯ ಗುಟ್ಟು ತಿಳಿಯದೆ ನನಗೆ ಸಮಾಧಾನವಿರಲಿಲ್ಲ. ಒಂದು ಮಧ್ಯಾಹ್ನ ತಟ್ಟೆ ಹಿಂದಿರುಗಿಸುವ ನೆವ ಮಾಡಿಕೊಂಡು ಸೀದಾ ಅವಳ ಅಡುಗೆಮನೆಗೆ ನುಗ್ಗಿದೆ. ಹಿಟ್ಟಿನ ಪಾತ್ರೆ ಒಲೆಯ ಹತ್ತಿರ ಇರಲಿಲ್ಲ. ನಮ್ಮಿಬ್ಬರ ನಡುವಿನ ಗೋಡೆಯ ಬುಡದಲ್ಲಿ ಬರಿ ನೆಲದ ಮೇಲಿತ್ತು. ಬಗ್ಗಿ ನೆಲಕ್ಕೆ ಕೈಯಿಟ್ಟೆ. ಬೆಚ್ಚಗಿತ್ತು.

"ಯಾರೇ ಇದು?" ಎಂದೆ.

"ನನಗೇನು ಗೊತ್ತು ಪೂರ್ಣಕ್ಕ?" ದಾಕ್ಷಾಯಿಣಿ ಸೂಜಿಗೆ ದಾರ ಪೋಣಿಸುತ್ತಲೇ ಹೇಳಿದಳು. "ಲಿಂಗು ಇಳಿದು ಬಂದ ಮೇಲೂ ದಿನಾ ಬೆಚ್ಚಗಾಗ್ತಾನೇ ಇದೆ. ಯಾರೋ ಪಾಪ, ಕೂತ್ಕೊಂಡ್ರೆ ಕೂತ್ಕೊಳ್ಳಲಿ ಅಂತ ಸುಮ್ಮನಾದೆ. ಶಾಖ ಸುಮ್ಮನೆ ಹೋಗುತ್ತಲ್ಲ ಅಂತ ಪಕ್ಕದಲ್ಲಿ ಹಿಟ್ಟಿಟ್ಟೆ, ಅಷ್ಟೇ."

ಪಾತ್ರೆಯನ್ನು ಆಚೆ ಸರಿಸಿ ನೆಲವನ್ನೆಲ್ಲ ಅಂಗೈಯಲ್ಲಿ ಸವರಿ ನೋಡಿದೆ. ಗೋಡೆಗೆ ಒತ್ತಿದಂತೆ ಒಂದು ಅಗಲವಾದ ಬಿಸಿ. ಅಲ್ಲಿಂದ ಮುಂದಕ್ಕೆ ಉದ್ದಕ್ಕೆ ಚಾಚಿದ ಒಂದೇ ಒಂದು ಕಾಲಿನ ಬಿಸಿ, ಎಡಗಾಲಿನದು. ಬಲಕ್ಕೆ ಸ್ವಲ್ಪ ದೂರದಲ್ಲಿ ಮುಷ್ಟಿಯಷ್ಟು ಇನ್ನೊಂದು ಬಿಸಿ. ನಮ್ಮವರಿಗೆ ಎಡಮಂಡಿ ಮಡಚಲು ಬರುವುದಿಲ್ಲ. ಆ ಕಾಲು ಚಾಚಿ, ಬಲಗಾಲು ಮಡಚಿ ಎಬ್ಬಿಸಿ, ಬಲಗೈ ಮುಷ್ಟಿಯನ್ನು ನೆಲಕ್ಕೂರಿಯೇ ಅವರು ಕೂರುವುದು. ಹದಿನೆಂಟು ವರ್ಷ ಊಟಕ್ಕೆ ಬಡಿಸಿದವಳಿಗೆ ಅಷ್ಟು ಗೊತ್ತಾಗುವುದಿಲ್ಲವೇ?

ಪಾತ್ರೆಯನ್ನು ಮತ್ತೆ ಅಲ್ಲೇ ಇಟ್ಟು ಮನೆಗೆ ಬಂದೆ. ನನ್ನ ಗಂಡ ದಿನಾ ಅವಳ ಅಡುಗೆಮನೆಗೆ ಬಂದು ಕೂರುತ್ತಾನೆ. ನನ್ನ ಗಂಡನ ಮೈಬಿಸಿಯಲ್ಲಿ ಅವಳ ಹಿಟ್ಟು ಉಬ್ಬುತ್ತದೆ. ಆ ಇಡ್ಲಿಯನ್ನು ಬೀದಿಗೆಲ್ಲ ಹಂಚುತ್ತಾಳೆ, ನನಗೂ ತಂದುಕೊಡುತ್ತಾಳೆ! ಬೇರೆ ಹೆಂಗಸಾಗಿದ್ದರೆ ಜಗಳವನ್ನಾದರೂ ಆಡಬಹುದು, ಇಲ್ಲಿ ಯಾರ ಜುಟ್ಟು ಹಿಡಿಯುವುದು? ತಪ್ಪು ಮಾಡಿದವಳು ಈ ದಾಕ್ಷಾಯಿಣಿಯೂ ಅಲ್ಲ. ಅಚ್ಚಿನಲ್ಲಿ ಸಿಕ್ಕಿಕೊಂಡಿರುವ, ಮೂರು ವರ್ಷ ಚಿಕ್ಕವಳಾದ, ಸೀರೆ ಎತ್ತಿ ಕಟ್ಟಿ ಗುನುಗುತ್ತಾ ಓಡಾಡುವ ಇನ್ನೊಬ್ಬ ದಾಕ್ಷಾಯಿಣಿ. ಅವಳಿಗೆ ಆಯಾಸವಾಗುವುದಿಲ್ಲ, ಕೂದಲು ನೆರೆಯುವುದಿಲ್ಲ. ನಾನು ಗೋಡೆಯ ಈಚೆ ಸೌದೆಯಂತೆ ಒಣಗುತ್ತಿದ್ದೆ.

ಅತ್ತೆಗೆ ಗೊತ್ತಾಯಿತು. ಗೊತ್ತಾಗದಿರಲು ನಾನು ಬಾಯಿ ಮುಚ್ಚಿಕೊಂಡಿದ್ದರಲ್ಲವೇ? "ಅವನನ್ನೇ ಕೇಳೇ" ಎಂದರು ಕೆಮ್ಮಿನ ನಡುವೆ. "ನನ್ನ ಮಗ ಮಾತಾಡೋದು ಕಮ್ಮಿ. ಸುಳ್ಳು ಹೇಳೋದು ಇನ್ನೂ ಕಮ್ಮಿ."

ತಿಂಗಳಿಗೊಮ್ಮೆ ಆಫೀಸಿನಲ್ಲಿ ಅಟ್ಟದವರ ಜೊತೆ ಮಾತಾಡಲು ಬಿಡುತ್ತಾರೆ. ಸಾಲಾಗಿ ನಿಲ್ಲಬೇಕು, ಹಿಂದಿನವರೆಲ್ಲ ಕಿವಿ ನಿಮಿರಿಸಿಕೊಂಡೇ ಇರುತ್ತಾರೆ. ನನ್ನ ಸರದಿ ಬಂದಾಗ ಫೋನಿಗೆ ಬಾಯಿ ಅಂಟಿಸಿ ಕೇಳಿದೆ: "ಮನೆಗೆ ಬರ್ತಾ ಇದ್ದೀರಾ?"

"ಹೂಂ."

"ಯಾವ ಮನೆಗೆ?"

ಅಷ್ಟು ದೂರದಿಂದ ಮಾತು ಇಳಿದು ಬರಲು ಸ್ವಲ್ಪ ಹೊತ್ತು ಹಿಡಿಯುತ್ತದೆ. ಆದರೂ ಅವತ್ತು ಹೆಚ್ಚೇ ಹಿಡಿಯಿತು. "ನಮ್ಮ ಮನೆಗೇ. ಇನ್ಯಾರ ಮನೆಗೆ ಹೋಗ್ಲಿ?" ಎಂದರು.

ಹದಿನೆಂಟು ವರ್ಷಕ್ಕೆ ಒಂದು ಸುಳ್ಳು ಹೇಳಿದರು, ಅದನ್ನೂ ನನಗೇ. ನಾನು ಫೋನಿಟ್ಟು ಮನೆಗೆ ಹೋಗಲಿಲ್ಲ. ಅದೇ ಕಟ್ಟಡದ ಹಿಂದಿರುವ ಅಚ್ಚಿನ ಕೋಣೆಗೆ ಹೋದೆ. ಇಳಿದು ಬಂದವರ ಮನೆಯ ಅಚ್ಚನ್ನು ಅಳಿಸಬೇಕು ಎಂಬುದು ನಮ್ಮೂರಿನ ನಿಯಮ. ಯಾರೂ ಕೇಳದಿದ್ದರೆ ಆಫೀಸಿನವರು ಕಂಡೂ ಕಾಣದಂತೆ ಬಿಟ್ಟುಬಿಡುತ್ತಾರೆ. ಬೀದಿಯವರಲ್ಲಿ ಒಬ್ಬರು ಕೇಳಿದರೂ ಅಳಿಸಲೇಬೇಕು. ಒಮ್ಮೆ ಅಳಿಸಿದ ಮನೆಗೆ ಮತ್ತೆ ಅಚ್ಚಿಲ್ಲ.

"ದಾಕ್ಷಾಯಿಣಿ ಮನೇದು ಅಳಿಸಿಬಿಡಿ" ಎಂದೆ.

ಇಮಾಮ್ ಸಾಹೇಬರು ಕನ್ನಡಕ ಹಣೆಗೇರಿಸಿದರು. "ಅಲ್ಲಿಗೆ ದಿನಾ ಒಬ್ಬರು ಹೋಗ್ತಾರೆ ತಾಯಿ."

"ಗೊತ್ತು. ಅದಕ್ಕೇ ಅಳಿಸಿ ಅಂತಿರೋದು."

"ಮೇಲಿರೋವಾಗ ಲಿಂಗರಾಜನೇ ನಿಮ್ಮೋರನ್ನ ಒಂದ್ಸಲ ಕರ್ಕೊಂಡು ಹೋಗಿದ್ದನಂತೆ, ಬಾ ಅಣ್ಣಾ, ನಮ್ಮನೇನೂ ನೋಡು ಅಂತ. ಅಟ್ಟದಲ್ಲಿ ಹಾಗೆ ಒಬ್ಬರ ಮನೆಗೆ ಒಬ್ಬರು ಹೋಗೋದುಂಟು. ಆಮೇಲೆ ಬರ್ತಾ ಬರ್ತಾ ಇವರು ಬೇರೆ ಎಲ್ಲಿಗೂ ಹೋಗೋದನ್ನೇ ಬಿಟ್ರು."

"ನೀವು ವಕಾಲತ್ತು ವಹಿಸಬೇಡಿ ಸಾಹೇಬ್ರೇ. ನಿಯಮ ಇದೆಯೋ ಇಲ್ವೋ?"

"ಇದೆ. ಬೇರೆಯವರ ಮನೆ ಅಳಿಸೋಕೆ ಮುಂಚೆ, ಕೇಳಿದವರು ಒಂದ್ಸಲ ಒಳಗೆ ಹೋಗಿ ನೋಡಿ ಬರಬೇಕು ಅನ್ನೋದೂ ಇದೆ. ಒಂದು ಮನೆ ಅಲ್ವಾ ತಾಯಿ, ಮುಖ ನೋಡದೆ ಕಳಿಸಬಾರದು."

ನೋಡಬೇಕೆಂದೇ ನನಗೂ ಇತ್ತು. ಅವಳು ಅವರ ಎದುರಿಗೆ ಏನು ಕುಣಿಯುತ್ತಾಳೆ, ನೋಡೇಬಿಡುವ ಎಂದು ನೆಲದ ಮೇಲೆ ಕೂತೆ. ಸಾಹೇಬರು ಟೊಪ್ಪಿಗೆಯನ್ನು ತಲೆಗಿಳಿಸಿ ಗಲ್ಲದ ಕೆಳಗೆ ಪಟ್ಟಿ ಬಿಗಿದರು.

ಮೊದಲು ವಾಸನೆ ಬಂತು. ಸೀಗೇಕಾಯಿ, ಸೋಪಿನ ನೀರು, ಹಿಂದಿನ ದಿನದ ಹುಳಿ. ಆಮೇಲೆ ಬೆಳಕು. ನಾನು ದಾಕ್ಷಾಯಿಣಿಯ ಅಡುಗೆಮನೆಯಲ್ಲಿ, ಅದೇ ಗೋಡೆಗೊರಗಿ ಕೂತಿದ್ದೆ. ಒಲೆ ಆರಿತ್ತು. ತೊಳೆಯದ ಎರಡು ಲೋಟ, ಅರ್ಧ ಹೆಚ್ಚಿಟ್ಟ ಬೀನ್ಸ್. ಅವಳೆಲ್ಲಿ ಎಂದು ಕತ್ತು ಹೊರಳಿಸಿದೆ. ಹಿತ್ತಲ ಕಲ್ಲಿನ ಮೇಲೆ ಬಟ್ಟೆ ಕುಕ್ಕುವ ಸದ್ದು ದೂರದಿಂದ ಬರುತ್ತಿತ್ತು. ಅಡುಗೆಮನೆಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ಕಾದೆ. ಅವಳು ಬರಲೇ ಇಲ್ಲ. ಈ ಖಾಲಿ ಅಡುಗೆಮನೆಯಲ್ಲಿ ಏನಿದೆ ಎಂದು ಬರುತ್ತಾರೆ ಎಂದು ಸಿಟ್ಟು ನೆತ್ತಿಗೇರುವಷ್ಟರಲ್ಲಿ ಬೆನ್ನ ಹಿಂದಿನ ಗೋಡೆಯೊಳಗಿಂದ ಒಬ್ಬ ಹೆಂಗಸು ಕಿರುಚಿದಳು.

"ಒದ್ದೆ ಟವಲ್ಲು ಹಾಸಿಗೆ ಮೇಲೆ ಎಸೀಬೇಡಿ ಅಂತ ಎಷ್ಟು ಸಲ ಬಡ್ಕೊಳ್ಳೋದು? ಕಾಫಿ ಲೋಟ ಕಿಟಕೀಲಿಟ್ಟು ಮರೀತೀರಿ, ಇರುವೆ ಮುತ್ತುತ್ತೆ. ನಿಮ್ಮಮ್ಮನ ಮಾತ್ರೆ ತಂದ್ರಾ?"

"ಹೂಂ" ಎಂದಿತು ಅವರ ಧ್ವನಿ.

"ಏನು ಹೂಂ? ತಂದಿದ್ದೀರೋ ತರ್ತೀರೋ?"

"ತರ್ತೀನಿ."

"ತರ್ತಾನಂತೆ! ನಾನು ಸತ್ತ ಮೇಲೆ ತರ್ತಾನೆ" ಎಂದು ಅತ್ತೆ ಕೆಮ್ಮಿದರು. ಬಾಣಲೆಗೆ ಸೌಟು ಬಡಿಯಿತು, ಎರಡು ಸಲ ಜೋರಾಗಿ, ಒಂದು ಸಲ ಮೆಲ್ಲಗೆ. ನಾನು ಹಾಗೇ ಬಡಿಯುವುದು. ಅವರು ಇನ್ನೂ ಇಲ್ಲೇ ಇದ್ದ ಆ ದಿನದ ನಾನು ಮತ್ತೆ ಟವಲ್ಲಿನ ಸುದ್ದಿ ಎತ್ತಿದೆ. ಮತ್ತೆ ಹೂಂ. ಅವರು ಸಣ್ಣ ದನಿಯಲ್ಲಿ ಏನೋ ಅಂದರು, ಗೋಡೆ ದಾಟಿ ಬರುವಷ್ಟು ಸ್ಪಷ್ಟವಿರಲಿಲ್ಲ. ಅದಕ್ಕೆ ನಾನು ನಕ್ಕೆ. ಬೈಯುತ್ತಾ ಬೈಯುತ್ತಲೇ, ತಡೆಯಲಾರದೆ, ಹುಡುಗಿಯ ಹಾಗೆ ಕಿಲಕಿಲ ನಕ್ಕೆ. ಅವರು ಅಂದದ್ದೇನೆಂದು ನನಗೆ ಏನು ಮಾಡಿದರೂ ನೆನಪಾಗಲಿಲ್ಲ. ಗೋಡೆಯಾಚೆಯ ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ನನಗೆ ಅವಳ ಮೇಲೆ ಎಂಥ ಹೊಟ್ಟೆಕಿಚ್ಚು ಬಂತೆಂದರೆ, ದಾಕ್ಷಾಯಿಣಿಯ ಮೇಲಿನದು ಅದರ ಮುಂದೆ ಏನೂ ಅಲ್ಲ. ಅವಳು ಬೈದರೆ ಉತ್ತರ ಬರುತ್ತಿತ್ತು. ಅವರು ಹೋದಾಗಿನಿಂದ ನಾನು ಯಾರನ್ನು ಬೈಯಲಿ?

ಸಾಹೇಬರು ಟೊಪ್ಪಿಗೆ ತೆಗೆದಾಗ ನನ್ನ ಮುಖವೆಲ್ಲ ಒದ್ದೆಯಾಗಿತ್ತು. ಅವರು ನೋಡಿಯೂ ನೋಡದಂತೆ ಪಟ್ಟಿ ಸುತ್ತಿಟ್ಟರು. "ಅಳಿಸಲಾ ತಾಯಿ?"

"ಬೇಡ" ಎಂದೆ. ಆಮೇಲೆ ಕೇಳಿದೆ, "ನಮ್ಮನೆ ಅಚ್ಚಿಗೆ ಅವರು ಕೊನೇ ಸಲ ಬಂದಿದ್ದಾಗ ಏನಾದರೂ ಅಂದ್ರಾ?"

ಸಾಹೇಬರು ಹೇಳಲೋ ಬೇಡವೋ ಎಂದು ಮೀಸೆ ನೀವಿಕೊಂಡರು. "ಯಾರೋ ದೊಡ್ಡವರ ಮನೆಗೆ ಬಂದ ಹಾಗಿದೆ, ಕಾಲು ಚಾಚೋಕೆ ಸಂಕೋಚ ಆಗುತ್ತೆ ಅಂದ್ರು."

ನನಗೆ ಸಿಟ್ಟು ಬರಬೇಕಿತ್ತು. ಸುಣ್ಣಕ್ಕೆ, ಪರದೆಗೆ, ಆ ಕಾಯೊಬ್ಬಟ್ಟಿಗೆ ಪಟ್ಟ ಪಾಡು ಕಡಿಮೆಯೇ? ಆದರೆ ನನ್ನ ಕಣ್ಣ ಮುಂದೆ ಬಂದವಳು ಆ ರೇಷ್ಮೆ ಸೀರೆಯವಳು. ಬಾಯಿ ಬಿಡದೆ, ಬೈಯದೆ, ಬೆತ್ತದ ಕುರ್ಚಿಯ ಎದುರು ಕೂತು ನನ್ನ ಗಂಡನನ್ನು ನೋಡಿ ಮುಗುಳ್ನಗುತ್ತಲೇ ಇರುವವಳು. ಅವಳ ಎದುರು ಅವರು ಕಾಲು ಮುದುರಿಕೊಂಡು, ಮಂಡಿ ನೋಯಿಸಿಕೊಂಡು ಕೂತದ್ದನ್ನು ನೆನೆದು ಮೈಯೆಲ್ಲ ಉರಿಯಿತು.

"ಅವಳನ್ನ ಅಳಿಸಿ" ಎಂದೆ.

"ನಿಮ್ಮನೆದಾ? ಆಮೇಲೆ ಮತ್ತೆ ತೆಗೆಯೋಕೆ ಆಗಲ್ಲ. ಅಟ್ಟದಲ್ಲಿ ನಿಮ್ಮ ಮನೆ ಅಂತ ಒಂದು ಇರೋದೇ ಇಲ್ಲ."

"ಇದೆಯಲ್ಲ" ಎಂದೆ. "ಗೋಡೆ ಆಚೆ."

ಮರುದಿನ ಉದ್ದು ಅಕ್ಕಿ ರುಬ್ಬಿ, ಪಾತ್ರೆ ಎತ್ತಿಕೊಂಡು ಪಕ್ಕದ ಮನೆಗೆ ಹೋದೆ. ದಾಕ್ಷಾಯಿಣಿ ಮಿಷನ್ ನಿಲ್ಲಿಸಿ ನೋಡಿದಳು.

"ಅಲ್ಲಿ ಕೂರೋದು ನಮ್ಮವರು" ಎಂದೆ. "ಇವತ್ತಿಂದ ಬಲಗಡೆ ನಿನ್ನ ಹಿಟ್ಟು, ಎಡಗಡೆ ನಮ್ಮದು. ಅವರ ಕಾಲಿಗೆ ಪಾತ್ರೆ ತಾಗಬಾರದು, ಮಂಡಿ ನೋವಿದೆ."

ಅವಳು ಬಾಯಿಗೆ ಕೈ ಅಡ್ಡ ಹಿಡಿದಳು. "ಅಯ್ಯೋ, ಸಿದ್ದಣ್ಣನಾ? ನಾನು ಎಷ್ಟು ಸಲ ಅಲ್ಲೇ ಕೂತು ಸೊಪ್ಪು ಬಿಡಿಸಿದ್ದೀನಿ, ಪೂರ್ಣಕ್ಕ!"

"ಇನ್ನು ಮೇಲೆ ಆಚೆ ಕೂತು ಬಿಡಿಸು" ಎಂದೆ. ಕೆನ್ನೆಯ ಗುಳಿ ಬಿಟ್ಟುಕೊಂಡು ನಕ್ಕಳು. ನಗಲಿ, ನನಗೆ ಅವಳ ಮೇಲಿನ ಕಿಚ್ಚು ಪೂರ್ತಿ ಆರಿದೆ ಎಂದು ಯಾರೂ ತಿಳಿಯಬೇಕಾಗಿಲ್ಲ. ಚಟ್ನಿಯ ಮಾತು ಹಾಗೇ ಇದೆ.

ಅವಳು ಮತ್ತೆ ಮಿಷನ್ನಿಗೆ ಹೋದ ಮೇಲೆ ನಾನು ಪಾತ್ರೆಗಳನ್ನು ಜೋಡಿಸಿ, ಮುಷ್ಟಿಯ ಬಿಸಿ ಇರುವ ಕಡೆ ಜಾಗ ಬಿಟ್ಟು ಅವರ ಪಕ್ಕ ಗೋಡೆಗೊರಗಿ ಕೂತೆ. ನೆಲ ನಿಧಾನವಾಗಿ ಬೆಚ್ಚಗಾಗುತ್ತಿತ್ತು, ಆಗಷ್ಟೇ ಬಂದಿರಬೇಕು. ಗೋಡೆಯಾಚೆ ನಮ್ಮ ಮನೆ. ಇಷ್ಟು ವರ್ಷ ಅದರೊಳಗೇ ಇದ್ದು ನಾನು ಅದನ್ನು ಹೊರಗಿನಿಂದ ಕೇಳಿರಲಿಲ್ಲ. ಮುಚ್ಚಳ ತಟತಟ ಎನ್ನುತ್ತಿತ್ತು. ಅತ್ತೆಯ ಕೋಲು ನಡುಮನೆಯಿಂದ ಅಡುಗೆಮನೆಗೆ ಬರುವುದು, ಅಲ್ಲಿ ಯಾರೂ ಇಲ್ಲವೆಂದು ನಿಲ್ಲುವುದು, ಎಲ್ಲ ಕೇಳುತ್ತಿತ್ತು. ಎದ್ದು ಹೋದರೆ ಹತ್ತು ಹೆಜ್ಜೆ ಇಲ್ಲ, ಆದರೂ ಆ ಮನೆಗೆ ಹೋಗಬೇಕೆಂದು ನನಗೆ ಎಲ್ಲಿಲ್ಲದ ಆಸೆಯಾಯಿತು. ಆ ಆಸೆಯನ್ನು ಬಿಟ್ಟು ಏಳಲೂ ಮನಸ್ಸಾಗಲಿಲ್ಲ.

"ಪೂರ್ಣಾ! ಸಾರು ಉಕ್ಕಿ ಒಲೆಯೆಲ್ಲ ಹಾಳಾಗ್ತಿದೆ, ಎಲ್ಲಿ ಹೋಗಿ ಕೂತಿದ್ದೀಯೇ?" ಎಂದು ಗೋಡೆಯಾಚೆಯಿಂದ ಅತ್ತೆ ಕೂಗಿದರು.

"ಹೂಂ" ಎಂದೆ ನಾನು.